ಬರೀ ಮಣ್ಣು ಕಾಯುವ ನಮ್ಮತ್ತೆ

ನಿಮ್ಮ ಅತ್ತೆ ನಿಮ್ಮನ್ನು ಗೋಳು ಹೊಯ್ದುಕೊಳ್ಳುತ್ತಾರೆಯೇ? ಪುಣ್ಯವಂತರು ನೀವು! ನಮ್ಮತ್ತೆ ನನಗೆ ಒಂದು ಮಾತೂ ಅನ್ನುವುದಿಲ್ಲ. ಬೀದಿಯಲ್ಲಿ ಬೋರಲು ಮಲಗುತ್ತಾರೆ, ಅಷ್ಟೇ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ನಾಲ್ಕು ಜನ ಓಡಾಡುವ ಹೊತ್ತಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಗನ್ನು ನೆಲಕ್ಕೆ ಒತ್ತಿಕೊಂಡು! ಮೊದಲ ಸಲ ನೋಡಿದ ಹಾಲಿನವನು ಕ್ಯಾನು ಅಲ್ಲೇ ಬಿಟ್ಟು, "ಅಕ್ಕಾರೆ, ಅಜ್ಜಿ ಬಿದ್ದಾರೆ, ಬರ್ರಿ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದ. ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರೆ, ಅತ್ತೆ ತಲೆಯನ್ನೂ ಎತ್ತದೆ, "ಸುಮ್ನಿರಪ್ಪ, ವಾಸ್ನೆ ನೋಡ್ತಿದೀನಿ" ಅಂದರು.

ಇದಕ್ಕೆಲ್ಲ ಕಾರಣ ಒಂದು ಹೂವು, ನೆಲಸಂಪಿಗೆ. ಅತ್ತೆಯ ತವರು ಚನ್ನಗಿರಿ ಕಡೆಯ ಕಾಡಂಚು. ಅಲ್ಲಿ ಮರಗಳ ಬುಡದಲ್ಲಿ ಬೆಳೆಯುವ ಇದರ ಗೆಡ್ಡೆಗಳನ್ನು ಅವರು ಯಾವಾಗಲೋ ಸೆರಗಿನಲ್ಲಿ ಕಟ್ಟಿ ತಂದು, ನಮ್ಮ ಕಾಂಪೌಂಡಿನ ಹೊರಗೆ, ಹೊಂಗೆಮರದ ನೆರಳಿಗೆ ಹೂಳಿದ್ದಾರೆ. ಹೂವೂ ಅತ್ತೆಯಷ್ಟೇ ವಿಚಿತ್ರದ್ದು. ಊರಿನ ಗಿಡಗಳೆಲ್ಲ ಎಲೆ ಬಿಟ್ಟು ಆಮೇಲೆ ಹೂ ಬಿಟ್ಟರೆ, ಇದು ಬೇಸಿಗೆಯಲ್ಲಿ ಒಂದು ಎಲೆಯೂ ಇಲ್ಲದೆ ಬೋಳು ನೆಲದಿಂದ ನೇರವಾಗಿ ಹೂವನ್ನೇ ಮೇಲಕ್ಕೆ ಕಳಿಸುತ್ತದೆ! ಬಿಳಿ ಎಸಳು, ಅದರ ಕೆಳಗೆ ನೇರಳೆ ಬಣ್ಣದ ತುಟಿ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡಿಬಿಡುತ್ತದೆ. ಎಲೆ ಬರುವುದು ಹೂವಿನ ಕಾಲ ಮುಗಿದು ಮಳೆ ಹಿಡಿದ ಮೇಲೆ. ಚಳಿಗಾಲಕ್ಕೆ ಅದೂ ಒಣಗಿ, ಗೆಡ್ಡೆ ಮಣ್ಣೊಳಗೆ ಗಪ್ಪನೆ ಮಲಗುತ್ತದೆ. ಹೂವು ನೆಲಕ್ಕೇ ಅಂಟಿಕೊಂಡಿರುವುದರಿಂದ, ವಾಸನೆ ಬೇಕೆಂದರೆ ನಾವೇ ನೆಲಕ್ಕೆ ಹೋಗಬೇಕು. ಕಿತ್ತು ಮೂಗಿಗೆ ಹಿಡಿಯಬಾರದೇ ಎಂದು ನಾನೂ ಕೇಳಿದ್ದೆ.

"ಮಾತಾಡಿಸ್ಬೇಕು ಅಂತ ಯಾರದಾದ್ರೂ ತಲೆ ಕಿತ್ಕೊಂಡು ಬರ್ತೀಯೇನು ಹುಡುಗಿ?" ಅಂದರು. ಐವತ್ತು ಹತ್ತಿರ ಬಂದರೂ ನಾನು ಅವರಿಗೆ ಹುಡುಗಿಯೇ.

ಹೂವೂ ಎಲೆಯೂ ಇಲ್ಲದ ತಿಂಗಳುಗಳಲ್ಲಿ ಅಲ್ಲಿರುವುದು ಬರೀ ಮಣ್ಣು. ಅದನ್ನು ಯಾರೂ ತುಳಿಯದಿರಲೆಂದು ಅತ್ತೆ ಸುತ್ತಲೂ ಕಲ್ಲು ಜೋಡಿಸಿದರು. ಮರದ ಬುಡ, ಸುತ್ತ ಕಲ್ಲು! ನಮ್ಮ ಜನ ಸುಮ್ಮನಿರುತ್ತಾರೆಯೇ? ಒಂದು ಶುಕ್ರವಾರ ನೋಡಿದರೆ ಕಲ್ಲಿಗೆಲ್ಲ ಅರಿಶಿನ ಕುಂಕುಮ! ಎದುರುಮನೆಯಾಕೆ ಕಾಯಿ ಒಡೆದು, ಅದರ ನೀರನ್ನು ಭಕ್ತಿಯಿಂದ ನಡುಮಧ್ಯೆ ಸುರಿಯುತ್ತಿದ್ದಾರೆ. ಅತ್ತೆ ಒಳಗಿನಿಂದ ಓಡಿ ಬಂದರು.

"ಏ ತಾಯಿ, ನೀರು ಹಾಕಬ್ಯಾಡ! ಒಳಗೆ ಮಲಗೈತೆ, ಕೊಳೀತೈತೆ!"

ಆಕೆ ಬಿಳಿಚಿಕೊಂಡು, ಕಾಯಿ ಹೋಳುಗಳನ್ನು ಅಲ್ಲೇ ಬಿಟ್ಟು ಮನೆ ಸೇರಿಕೊಂಡರು. ನಾವು ಮನೆ ಮುಂದೆ ಯಾರನ್ನೋ ಹೂತಿದ್ದೇವೆ ಎಂಬ ಸುದ್ದಿ ಸಂಜೆಯೊಳಗೆ ಹಿಂದಿನ ಕ್ರಾಸಿಗೂ ಮುಟ್ಟಿತ್ತು. ಆಮೇಲೆ ಎಷ್ಟೋ ದಿನ ನಾನು ತರಕಾರಿ ಗಾಡಿಯ ಹತ್ತಿರ ತಲೆ ಎತ್ತಲಿಲ್ಲ. ಅತ್ತೆಗೆ ನಾಚಿಕೆಯೇ? ಆ ಹೋಳುಗಳನ್ನು ತುರಿದು ಚಟ್ನಿ ಅರೆದರು!

ಹರಿಹರದಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶವಾಯಿತು. ಬಂದವರೆಲ್ಲ ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ ಕೊಟ್ಟರು. ನಮ್ಮತ್ತೆ ಕೊಟ್ಟದ್ದು ಒಂದು ಕುಂಡ ಮಣ್ಣು. ಬರೀ ಮಣ್ಣು! ಮೇಲೆ ಬಣ್ಣದ ಕಾಗದ, ರಿಬ್ಬನ್ನು ಬೇರೆ. "ನೀರು ಹಾಕಬ್ಯಾಡ್ರಿ, ಮುಟ್ಟಬ್ಯಾಡ್ರಿ, ಸುಮ್ನೆ ಇಟ್ಕೊಳ್ರಿ" ಎಂಬ ಉಪದೇಶ ಬೇರೆ. ತಂಗಿಯ ಅತ್ತೆ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಮುಂದಿನ ಸಲ ಹೋದಾಗ ಆ ಕುಂಡದ ತುಂಬ ಊದಿನಕಡ್ಡಿ ಚುಚ್ಚಿದ್ದರು. ಅತ್ತೆ ಕಡ್ಡಿಗಳನ್ನು ಒಂದೊಂದಾಗಿ ಕಿತ್ತರು. ಕುಂಡಕ್ಕೆ ಸೆರಗು ಹೊದಿಸಿ, ಮಡಿಲಲ್ಲಿಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದರು. "ಏನಜ್ಜಿ ಅದು?" ಎಂದ ಕಂಡಕ್ಟರ್. "ಮಲಗೈತಪ್ಪ, ಮೆತ್ತಗೆ ಮಾತಾಡು" ಅಂದರು. ಕೂಸೆಂದು ತಿಳಿದು ಅಕ್ಕಪಕ್ಕದವರೆಲ್ಲ ದನಿ ತಗ್ಗಿಸಿದರು! ನಾನು ಮುಂದಿನ ಸೀಟಿಗೆ ಜಾರಿಕೊಂಡು, ಅವರು ಯಾರೋ ನಾನು ಯಾರೋ ಎಂಬಂತೆ ಕಿಟಕಿಗೆ ಮುಖ ಮಾಡಿ ಕೂತೆ.

ಈ ಬೇಸಿಗೆಯಲ್ಲಿ ನನ್ನ ಮಗಳನ್ನು ನೋಡಲು ಹರಿಹರದಿಂದಲೇ ಗಂಡಿನ ಕಡೆಯವರು ಬರುವುದೆಂದಾಯಿತು. ಒಳ್ಳೆಯ ಮನೆತನ, ಮಗಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಅದೇ ಹೊತ್ತಿಗೆ ಹೊಂಗೆಮರದ ಬುಡದಲ್ಲಿ ಒಂದು ಮೊಗ್ಗು ಎದ್ದಿತ್ತು. ಹೆಗ್ಗಣ ಕುಂಡದ್ದನ್ನೂ ಸೇರಿಸಿ ಉಳಿದ ಗೆಡ್ಡೆಗಳನ್ನೆಲ್ಲ ತಿಂದು ಮುಗಿಸಿತ್ತು, ಈ ವರ್ಷಕ್ಕೆ ಅದೊಂದೇ. ಅದು ಅರಳಿದರೆ ಅತ್ತೆ ಬೀದಿಯಲ್ಲಿ ಮಲಗುವುದು ಖಂಡಿತ! ಹಿಂದಿನ ದಿನ ಅಡುಗೆಮನೆಯಲ್ಲಿ ಯಜಮಾನರಿಗೆ ಹೇಳಿದೆ: "ನಾಳೆ ಒಂದಿನ ನಿಮ್ಮವ್ವನ್ನ ಒಳಗೇ ಕೂಡ್ಸ್ರಿ. ಬೀಗರಾಗೋರ ಮುಂದೆ ನೆಲಕ್ಕೆ ಬಿದ್ರೆ ನನ್ನ ಮಾನ ಹೋಗ್ತೈತೆ."

ಅಡುಗೆಮನೆಯ ಗೋಡೆಯ ಆಚೆಯೇ ಅತ್ತೆಯ ಕೋಣೆ ಎಂಬುದು ನನಗೆ ಆಗ ಹೊಳೆಯಬಾರದೇ!

ಮರುದಿನ ರೇಷ್ಮೆ ಸೀರೆ ಉಟ್ಟು ರಂಗೋಲಿ ಹಾಕಲು ಹೋದರೆ, ಹೂವು ಅರಳಿ ಕೂತಿದೆ. ಅತ್ತೆಯ ಸುಳಿವಿಲ್ಲ. ಕೋಣೆಗೆ ಹೋದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿಕೊಂಡು, ಕಿಟಕಿಗೆ ಬೆನ್ನು ಹಾಕಿ ಮಂಚದ ಮೇಲೆ ಕೂತಿದ್ದರು.

"ಅತ್ತೆ, ಹೂ ಅರಳೈತೆ."

"ಗೊತ್ತೈತವ್ವ. ನಿನ್ನೇನೇ ಮೊಗ್ಗು ನೋಡಿದ್ದೆ."

"ಮತ್ತೆ?"

"ಮಂದಿ ಬರೋ ಹೊತ್ತು. ನಾ ಹೊರಗೆ ಬರಲ್ಲ ಬಿಡು. ಅವರು ಹೋಗೋದ್ರಾಗೆ ಅದು ಮುದುಡಿರ್ತೈತೆ, ಬರೋ ವರ್ಷ ನೋಡಿದ್ರಾತು."

ಮಾತಿನಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಊದಿದ ಮೊಣಕಾಲುಗಳನ್ನು ಅವರು ಮೆಲ್ಲಗೆ ಒತ್ತಿಕೊಳ್ಳುತ್ತಿದ್ದರು. ಆ ಕಾಲು ಬರುವ ವರ್ಷ ನೆಲಕ್ಕೆ ಬಗ್ಗೀತೇ? ಇಷ್ಟು ವರ್ಷ ಅವರಿಂದ ನಾಚಿಕೆಪಟ್ಟವಳು ನಾನು. ಆ ಗಳಿಗೆಯಲ್ಲಿ ನನ್ನನ್ನು ನೋಡಿ ನನಗೇ ನಾಚಿಕೆಯಾಯಿತು. ಕಣ್ಣು ತುಂಬಿ ಬಂತು.

"ಏಳ್ರಿ ಅತ್ತೆ" ಎಂದು ಕೈ ಹಿಡಿದು ಎಬ್ಬಿಸಿದೆ.

"ಬ್ಯಾಡ ಹುಡುಗಿ…"

ಹೊರಗೆ ಕರೆತಂದು, ಸೊಂಟ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಸಿದೆ. ಅವರು ಮೂಗು ಇಟ್ಟು ಕಣ್ಣು ಮುಚ್ಚಿದರು. ನಾನೂ ಪಕ್ಕದಲ್ಲೇ, ರೇಷ್ಮೆ ಸೀರೆಯಲ್ಲೇ, ಬೋರಲು ಮಲಗಿದೆ. ಅಷ್ಟರಲ್ಲಿ ಕಾರು ನಮ್ಮ ತಲೆಯ ಹತ್ತಿರವೇ ಬಂದು ನಿಂತಿತು. ಬಾಗಿಲು ತೆರೆದ ಸದ್ದು.

"ಏಳು ಹುಡುಗಿ, ಬಂದ್ರು! ನಿನ್ನ ಮಾನ ಹೋಗ್ತೈತೆ!" ಎಂದು ಅತ್ತೆ ನನ್ನ ತೋಳು ಜಗ್ಗಿದರು.

"ಸುಮ್ನಿರ್ರಿ ಅತ್ತೆ," ಅಂದೆ, "ವಾಸ್ನೆ ನೋಡ್ತಿದೀನಿ."