ದಮ್ಮಾಮಿನಿಂದ ನಾಲ್ಕು ತಾಸು

ಜುಲೇಖಾಬಿ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಳು. ಕಿರಿಮಗ ಇಮಾಮುದ್ದೀನ ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಿದ್ದ ಅಣ್ಣ ಮುನಾಫನಿಗೆ ಫೋನು ಮಾಡಿದ. ಮುನಾಫ, ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ, ಗೋವಾಕ್ಕೆ ಟಿಕೀಟು ಸಿಕ್ಕರೆ ನೋಡುತ್ತೇನೆ ಎಂದ. ಆಮೇಲೆ ಅವನ ಫೋನು ಹತ್ತಲೇ ಇಲ್ಲ.

"ವಿಮಾನದಾಗ ಕುಂತ ಕೂಡ್ಲೇ ಫೋನ್ ಬಂದ್ ಮಾಡಸ್ತಾರ," ಎಂದ ಬಾಜೂ ಮನೆಯ ಮೈಲಾರಪ್ಪ. ಜೀವಮಾನವೆಲ್ಲ ಬಸ್ಸು ಓಡಿಸಿದವನು. ಕೆಳಗಿನಿಂದ ವಿಮಾನದ ಹೊಟ್ಟೆಯನ್ನಷ್ಟೇ ನೋಡಿದ್ದ. ಆದರೂ ಮಿಶ್ರಿಕೋಟಿ ಊರಿನಲ್ಲಿ ದೂರದ ಲೆಕ್ಕ ಅವನದೇ.

ಸತ್ತವರನ್ನು ಕಾಯಿಸಬಾರದು, ಮಧ್ಯಾಹ್ನದ ನಮಾಜಾದೊಡನೆ ಮಣ್ಣು ಎಂದು ಮಸೀದಿಯ ಪೇಶ ಇಮಾಮರು ಹೇಳಿಯಾಗಿತ್ತು. ಹಿರಿಮಗ ತಾಯಿಯ ಮುಖ ನೋಡುವುದು ಬೇಡವೇ? ಇಮಾಮುದ್ದೀನನಿಗೆ ಅದೊಂದೇ ಚಿಂತೆ.

ಸೇರಿದವರು ಮೊಬೈಲು ನೋಡಿದರು. ದಮ್ಮಾಮಿನಿಂದ ಗೋವಾಕ್ಕೆ ಎರಡೂವರೆ ಸಾವಿರ ಕಿಲೋಮೀಟರಿನ ಮೇಲೆ, ನಾಲ್ಕು ತಾಸು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ, ಅದನ್ನು ಕಳೆಯಿರಿ ಎಂದ ಒಬ್ಬ. ಕೂಡಿಸಿರಿ ಎಂದ ಇನ್ನೊಬ್ಬ. ಕಳೆದವರ ಪ್ರಕಾರ ಮುನಾಫ ಆಗಲೇ ಗೋವಾ ದಾಟಿ ಘಾಟಿಯಲ್ಲಿದ್ದ. ಕೂಡಿಸಿದವರ ಪ್ರಕಾರ ಇನ್ನೂ ವಿಮಾನವನ್ನೇ ಹತ್ತಿರಲಿಲ್ಲ. ಮೈಲಾರಪ್ಪ ಇಬ್ಬರನ್ನೂ ಸುಮ್ಮನಿರಿಸಿದ. "ಡ್ರೈವರ್ ಮನಶ್ಯಾ ಅಲ್ಲೇನು? ನಡಕ ಚಾ ಕುಡಿಯಾಕ ಅರ್ಧಾ ತಾಸು ಹಿಡೀರಿ."

ಹೀಗೆ ಮಣ್ಣು ಮುಂದಕ್ಕೆ ಹೋಯಿತು. ಇಮಾಮುದ್ದೀನ ಹೆಣ ಕೆಡದಂತೆ ಬರ್ಫದ ಗಡ್ಡೆ ತರಲು ಕಲಘಟಗಿಗೆ ಬೈಕು ಹೊಡೆದ. ಹಿಂದೆ ಕಟ್ಟಿದರೆ ಬಿದ್ದೀತೆಂದು ತೊಡೆಯ ಮೇಲಿಟ್ಟುಕೊಂಡು ಬಂದ; ಊರು ಮುಟ್ಟುವಾಗ ಅರ್ಧ ಬರ್ಫ ಅವನ ಪ್ಯಾಂಟಿನಲ್ಲಿತ್ತು. ದುಃಖಕ್ಕೆ ಬಂದವರು ಅವನ ಪ್ಯಾಂಟು ನೋಡಿ ಬೇರೆ ಕಡೆ ಮುಖ ಮಾಡಿದರು. ಅಷ್ಟರಲ್ಲಿ ಕಬರಸ್ತಾನದಿಂದ ಸುದ್ದಿ ಬಂತು: ತೋಡಿಟ್ಟ ಗೋರಿಯಲ್ಲಿ ಯಾರದೋ ಹೋತ ಬಿದ್ದಿದೆ, ಮೇಲೆ ಬರಲು ಒಪ್ಪುತ್ತಿಲ್ಲ. ಇಮಾಮುದ್ದೀನನೇ ಇಳಿದು ಅದನ್ನು ಎತ್ತಿ ಮೇಲೆ ಹಾಕಿದ. ತಾಯಿಯ ಗೋರಿಯಲ್ಲಿ ಒಂದು ಗಳಿಗೆ ನಿಂತ. ತಂಪಾಗಿತ್ತು.

ಇಳಿಹೊತ್ತಿನ ನಮಾಜೂ ಆಯಿತು. ಪೇಶ ಇಮಾಮರು ಇನ್ನು ಕಾಯಲು ಸಾಧ್ಯವಿಲ್ಲವೆಂದು ಎದ್ದರು. ತಲೆದೆಸೆಗೆ ಕೂತಿದ್ದ ಚಿಕ್ಕಮ್ಮ ಶರೀಫಾಬಿ ಮೆಲ್ಲಗೆ ಹೇಳಿದಳು:

"ಬದಕಿದ್ದಾಗೆಲ್ಲಾ ಅವನ ದಾರೀನ ಕಾಯ್ದಾಳ್ರಿ ನಮ್ಮಕ್ಕ. ಇನ್ನೊಂದ್ ತಾಸು ಆಕಿಗೇನು ಭಾರಲ್ಲ."

ಪೇಶ ಇಮಾಮರು ಮತ್ತೆ ಕೂತರು. ಮುನಾಫನಿಗಾಗಿ ಮನೆಯವರು ಮುಖದ ಮೇಲಿನ ಬಟ್ಟೆಯನ್ನು ತೆರೆದೇ ಇಟ್ಟರು.

ಹೊತ್ತು ಮುಳುಗುವಾಗ ಫೋನು ಬಂತು. ಇಮಾಮುದ್ದೀನ ಗೋವಾದಿಂದಲೇ ಎಂದುಕೊಂಡು ಎತ್ತಿದ. ಮುನಾಫ ದಮ್ಮಾಮಿನ ತನ್ನ ಖೋಲಿಯಲ್ಲಿದ್ದ. ನಿಲ್ದಾಣದಲ್ಲಿ ಅವನೂ ಲೆಕ್ಕ ಹಾಕಿದ್ದನಂತೆ. ಹೇಗೆ ಹಾಕಿದರೂ ಮಧ್ಯಾಹ್ನದ ಮಣ್ಣಿಗೆ ಮುಟ್ಟುವಂತಿರಲಿಲ್ಲ. ಬರುತ್ತಿದ್ದೇನೆಂದರೆ ಅಮ್ಮನನ್ನು ಕಾಯಿಸುತ್ತಾರೆಂದು ಹೆದರಿ, ಬರುವುದಿಲ್ಲವೆನ್ನಲು ಬಾಯಿ ಬಾರದೆ, ಫೋನು ಬಂದ್ ಮಾಡಿ ತಿರುಗಿ ಬಂದಿದ್ದ.

"ಹೊತ್ತಿಗೆ ಸರಿಯಾಗಿ ಮಣ್ಣಾತಲ್ಲೋ? ನನ್ನ ಸಂಬಂಧ ಆಕಿನ್ನ ಕಾಯಸ್ಲಿಲ್ಲ ಹೌದಿಲ್ಲೋ?"

ಇಮಾಮುದ್ದೀನ ತಾಯಿಯ ಕಡೆ ನೋಡಿದ. ವಿಡಿಯೋ ಹಚ್ಚಿದರೆ ಈಗಲೂ ಮುಖ ತೋರಿಸಬಹುದಿತ್ತು.

"ಇಲ್ಲ ಭಾಯ್," ಎಂದ. "ಮಧ್ಯಾಹ್ನಕ್ಕ ಆತು."

"ಚಲೋ ಆತು," ಎಂದ ಮುನಾಫ. ಆಮೇಲೆ ಅಳತೊಡಗಿದ.

ಇಮಾಮುದ್ದೀನ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತಾಯಿಯ ಮುಖ ಮುಚ್ಚಿದ.