ಮೋಟರ್ ಹೋಮಿಗೆ ಎಂಟು ಮೂಟೆ ರಾಗಿ

೧೯೮೪ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಅಲ್ಲಿಂದಾಚೆ ತರಗುಪೇಟೆಯಲ್ಲಿ ಮೂಟೆ ಹೊತ್ತು, ಆಮೇಲೆ ಟೆಂಪೋ ಓಡಿಸಿ, ಕೊನೆಗೆ ಸ್ವಂತಕ್ಕೆ ಎರಡು ಟೆಂಪೋ ಇಟ್ಟವನು. ಗಾಡಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಈ ಮಾತನ್ನು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಕಳೆದ ವರ್ಷ ಒಂದು ಹಳೆಯ ಮಿನಿ ಬಸ್ಸು ಕೊಂಡು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ಸಿಂಕು ಎಲ್ಲ ಕೂರಿಸಿ ಮೋಟರ್ ಹೋಂ ಮಾಡಿಸಿದೆ. ಚಕ್ರದ ಮೇಲಿನ ಮನೆ! ಚಾಮರಾಜಪೇಟೆಯ ನಮ್ಮ ಬೀದಿಯವರೆಲ್ಲ ಬಂದು ಸಿಂಕಿನ ನಲ್ಲಿ ತಿರುಗಿಸಿ ನೋಡಿ ಹೋದರು. ಮೊದಲ ಪ್ರವಾಸ ಮೇಲುಕೋಟೆಗೆ. ಮುಖ್ಯ ಅತಿಥಿ ನಮ್ಮತ್ತೆ.

ನಮ್ಮತ್ತೆ ಸ್ಕೂಲಿನಲ್ಲಿ ಹೆಡ್‌ಮೇಡಂ ಆಗಿ ರಿಟೈರಾದವರು. ಏಳನೇ ಕ್ಲಾಸಿನವನಿಗೆ ಮಗಳನ್ನು ಕೊಟ್ಟ ಸಂಕಟವನ್ನು ಮೂವತ್ತು ವರ್ಷದಿಂದ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಮುಖದಲ್ಲೇ ಹೇಳುತ್ತಾರೆ! ಅವರಿಗೆ ಸೊಂಟ ನೋವು. ಅವರು ಬರದಿದ್ದರೆ ನನ್ನ ಹೆಂಡತಿ ಸರೋಜಾ ಬರುವುದಿಲ್ಲ. ಸರೋಜಾ ಬರದಿದ್ದರೆ ಆ ಮನೆಯಲ್ಲಿ ನಾನೊಬ್ಬನೇ ಕೂತು ಏನು ಮಾಡಲಿ?

"ನೋಡಿ ಅಳಿಯಂದ್ರೇ," ಅಂದರು ಅತ್ತೆ. "ಕೈಯಲ್ಲಿ ಒಂದು ಲೋಟ ಕಾಫಿ ಹಿಡ್ಕೊಂಡು ಕೂತಿರ್ತೀನಿ. ಬಸವನಗುಡಿ ಒಂದು ಸುತ್ತು ಹಾಕಿ ಬನ್ನಿ. ಅದು ಚೆಲ್ಲದಿದ್ರೆ ಮೇಲುಕೋಟೆಗೆ ಬರ್ತೀನಿ."

"ಕಾಫಿ ಏನು ಮಹಾ ಅತ್ತೆ, ಸೂಜಿಗೆ ದಾರ ಬೇಕಾದ್ರೂ ಪೋಣಿಸ್ಬೋದು!"

ಹೊರಡುವ ಮುಂಚೆ ಪಂಚರ್ ಅಂಗಡಿಗೆ ಹೋಗಿ ಗಾಳಿ ಹಿಡಿಸಿದೆ.

"ಎಷ್ಟು ಹಿಡೀಲಿ ಅಣ್ಣಾ?"

"ಕಲ್ಲಾಗ್ಬೇಕು!"

ಟೈರಿಗೆ ಒದ್ದರೆ ಒದ್ದವನ ಕಾಲು ನೋಯಬೇಕು. ಟೆಂಪೋ ಕಾಲದಿಂದಲೂ ಅದೇ ನನ್ನ ಅಳತೆ. ಒದ್ದೆ. ನೋಯಿತು. ಸಮಾಧಾನವಾಯಿತು.

ಮೊದಲ ಹಂಪ್‌ನಲ್ಲೇ ಕಾಫಿ ಅತ್ತೆಯವರ ರೇಷ್ಮೆ ಸೀರೆಯ ಮೇಲೆ ಪಾದಾರ್ಪಣೆ ಮಾಡಿತು. ಎರಡನೆಯದರಲ್ಲಿ ಲೋಟವೂ ಹಿಂಬಾಲಿಸಿತು. ಮೂರನೆಯದರಲ್ಲಿ ಒಲೆಯ ಪಕ್ಕದಲ್ಲಿದ್ದ ದೋಸೆ ಹಿಟ್ಟು ಮೇಲೆದ್ದು ಸೀಲಿಂಗ್ ಮುಟ್ಟಿ ಬಂತು.

"ರೀ, ಇದೇನು ಮನೇನೋ ಮಿಕ್ಸೀನೋ?" ಸರೋಜಾ ಕೂಗಿದಳು.

ನಾನು ಗಂಭೀರವಾಗಿ ರೋಗ ಕಂಡುಹಿಡಿದೆ. ಖಾಲಿ ಟೆಂಪೋ ಕುಣಿಯುತ್ತದೆ. ಲೋಡ್ ಬಿದ್ದರೆ ತೊಟ್ಟಿಲಾಗುತ್ತದೆ. ಅಂದರೆ ನಮ್ಮ ಮನೆಗೆ ಭಾರ ಸಾಲದು! ಮರುದಿನವೇ ತರಗುಪೇಟೆಯಿಂದ ಎಂಟು ಮೂಟೆ ರಾಗಿ ತಂದು ಹಿಂದಿನ ಮಂಚದ ಕೆಳಗೆ ತುರುಕಿದೆ.

"ಹೋಗೋದು ಮೂರು ಜನ. ಎಂಟು ಮೂಟೆಗೆ ಮುದ್ದೆ ಮಾಡಿ ಯಾರಿಗ್ರೀ ಹಾಕ್ಲಿ?"

"ಇದು ತಿನ್ನೋಕಲ್ಲ ಕಣೇ, ಸಸ್ಪೆನ್ಷನ್‌ಗೆ!"

ಎರಡನೇ ಟ್ರಯಲ್. ಗಾಡಿಯ ಹಿಂಭಾಗ ಕೂತುಬಿಟ್ಟಿತ್ತು, ಮೂತಿ ಆಕಾಶ ನೋಡುತ್ತಿತ್ತು. ಕುಣಿತ ಸ್ವಲ್ಪ ತಗ್ಗಿದ್ದು ನಿಜ. ಆದರೆ ಸ್ಟೇರಿಂಗ್ ಹೂವಿನಷ್ಟು ಹಗುರ! ಎಡಕ್ಕೆ ತಿರುಗಿಸಿದರೆ ಗಾಡಿ ಒಂದು ಕ್ಷಣ ಯೋಚಿಸಿ, ಮನಸ್ಸಿದ್ದರೆ ಮಾತ್ರ ತಿರುಗುತ್ತಿತ್ತು. ಗಾಂಧಿ ಬಜಾರ್ ತಿರುವಿನಲ್ಲಿ ಅದಕ್ಕೆ ಮನಸ್ಸಿರಲಿಲ್ಲ.

"ಗಾಂಧಿ ಬಜಾರ್ ಹಿಂದೆ ಹೋಯ್ತಲ್ಲ ಅಳಿಯಂದ್ರೇ?"

"ಈ ಕಡೆ ನೆರಳು ಚೆನ್ನಾಗಿದೆ ಅತ್ತೆ."

ಅಷ್ಟರಲ್ಲಿ ಪಕ್ಕಕ್ಕೆ ಬಂದ ಆಟೋದವನು ಕೂಗಿದ: "ಯಜಮಾನ್ರೇ, ಹಿಂದೆ ನೋಡ್ಕೊಳ್ಳಿ! ದಿಬ್ಬಣ ಬರ್ತಿದೆ!"

ಕನ್ನಡಿಯಲ್ಲಿ ನೋಡಿದೆ. ಮಂಚದ ಮೊಳೆಗೆ ಸಿಕ್ಕಿ ಒಂದು ಮೂಟೆ ಹರಿದಿತ್ತು. ಹಿಂಬಾಗಿಲ ಸಂದಿಯಿಂದ ರಾಗಿ ಸಣ್ಣ ಗೆರೆಯಾಗಿ ರಸ್ತೆಗೆ ಸುರಿಯುತ್ತಿತ್ತು. ಗೆರೆಯ ಉದ್ದಕ್ಕೂ ಪಾರಿವಾಳ! ನಾವು ನಿಂತರೆ ಅವೂ ನಿಲ್ಲುತ್ತಿದ್ದವು, ಹೊರಟರೆ ಅವೂ ಹೊರಡುತ್ತಿದ್ದವು. ಹೀಗೆ ಸಕಲ ಮರ್ಯಾದೆಯೊಂದಿಗೆ ಚಾಮರಾಜಪೇಟೆಗೆ ಮರಳಿದೆವು. ಲೋಟದಲ್ಲಿ ಕಾಫಿ ಎಷ್ಟು ಉಳಿದಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಾನೂ ಸರೋಜಾನೂ ಪೊರಕೆ ಹಿಡಿದೆವು. ಅತ್ತೆ ಡ್ರೈವರ್ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಕಡಲೆಕಾಯಿ ಕಟ್ಟಿದ ಕಾಗದವನ್ನೂ ಬಿಡದೆ ಓದುವ ಹೆಂಗಸು. ಬಾಗಿಲ ಒಳಮೈಗೆ ನಾನು ದೃಷ್ಟಿಬೊಂಬೆಯ ಸ್ಟಿಕ್ಕರ್ ಅಂಟಿಸಿದ್ದೆ. ಬೊಂಬೆಯ ಗಲ್ಲದ ಕೆಳಗೆ ಎರಡು ಅಕ್ಷರ ಇಣುಕುತ್ತಿದ್ದವು. ಅತ್ತೆ ಸುಮ್ಮನಿರುತ್ತಾರೆಯೇ? ಉಗುರಿನಿಂದ ಕೆರೆದು ಬೊಂಬೆಯನ್ನು ಪೂರ್ತಿ ಕಿತ್ತೇಬಿಟ್ಟರು.

"ಟೈರಿಗೆ ಎಷ್ಟು ಗಾಳಿ ಇರ್ಬೇಕು ಅಂತ ಕಂಪನಿಯವರೇ ಇಲ್ಲಿ ಬರ್ದಿದಾರಲ್ಲ. ನೀವೆಷ್ಟು ಹಿಡ್ಸಿದೀರಿ?"

"ಕಾಲು ನೋಯೋಷ್ಟು."

"ಅದೆಷ್ಟು?"

ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ!

ಪಂಚರ್ ಅಂಗಡಿಯವನು ಮೀಟರ್ ಇಟ್ಟು ನೋಡಿ ನಕ್ಕ. "ಅಣ್ಣಾ, ಬರ್ದಿರೋದ್ರ ಒಂದೂವರೆ ಪಟ್ಟಿದೆ! ಇದೇನು ಮೂಟೆ ಹೊರೋ ಗಾಡಿ ಅನ್ಕೊಂಡ್ರಾ?" ಹೌದು, ಹಾಗೇ ಅಂದುಕೊಂಡಿದ್ದೆ. ಅವನು ಗಾಳಿ ಬಿಟ್ಟ. ಆರೂ ಟೈರು ಸುಸ್ಸೆನ್ನುವಾಗ ನಾನೂ ಸ್ವಲ್ಪ ಇಳಿದೆ. ಆಮೇಲೆ ಮೂಟೆಗಳನ್ನೂ ಇಳಿಸಿದೆ.

ಮೂರನೇ ಟ್ರಯಲ್‌ನಲ್ಲಿ ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ. ಮೂರು ಹಂಪ್ ದಾಟಿದ ಮೇಲೆ ಅತ್ತೆ ಅದನ್ನು ನೆಮ್ಮದಿಯಾಗಿ ಕುಡಿದರು.

"ಬರ್ತೀನಿ," ಅಂದರು. "ಆದ್ರೆ ಮುಂದಿನ ಸೀಟು ನಂದು. ದಾರೀಲಿರೋ ಬೋರ್ಡೆಲ್ಲ ನಾನು ಓದ್ತೀನಿ. ನೀವು ಕೇಳಿಸ್ಕೊಂಡು ಓಡ್ಸಿ."

ಓದಿದರು. ಮೇಲುಕೋಟೆಯವರೆಗೆ ಓದಿದರು, ಬರುವಾಗ ರಸ್ತೆಯ ಆಚೆ ಬದಿಯದನ್ನೂ ಓದಿದರು.

ಈಗ ನನ್ನ ಬಳಿ ಇರುವುದು: ಮೋಟರ್ ಹೋಂ ಒಂದು, ಮೆತ್ತಗಿನ ಟೈರು ಆರು, ರಾಗಿ ಏಳು ಮೂಟೆ, ದಿನಾ ಬೆಳಗ್ಗೆ ಗಾಡಿಯ ಹಿಂಬಾಗಿಲಿಗೆ ಬಂದು ಕಾಯುವ ಪಾರಿವಾಳ ನಲವತ್ತು, ಊದಿಕೊಂಡ ಕಾಲಿನ ಹೆಬ್ಬೆರಳು ಒಂದು, ಟೀಚರು ಒಬ್ಬರು.