ಚಂದ್ರಕೋರ ಮತ್ತು ಆರು ಗುಳಿಗೆ

ಮಲೇರಿಯಾ ಕೆಲಸವೇ ಹಾಗೆ. ಸೂಜಿ ಚುಚ್ಚುವುದು ಊರಿನವರ ಬೆರಳಿಗೆ, ನಗೆಪಾಟಲಾಗುವುದು ನಾವು. ಎಂಬತ್ತರ ದಶಕದಲ್ಲಿ ಹದಿನೈದು ದಿನಕ್ಕೊಮ್ಮೆ ಹಾರೂಗೇರಿ ಸುತ್ತಲಿನ ತೋಟದ ಮನೆಗಳಿಗೆ ಸೈಕಲ್ ತುಳಿದು, ಜ್ವರ ಬಂದವರ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ತರುತ್ತಿದ್ದೆ. ನನಗೇ ಜ್ವರ ಬಂದರೆ ಚೀಲದಲ್ಲಿದ್ದ ಕಹಿ ಗುಳಿಗೆ ನುಂಗಿ ಮತ್ತೆ ಸೈಕಲ್ ಹತ್ತುತ್ತಿದ್ದೆ. ಮಲೇರಿಯಾ ಕೆಲಸದವನ ರಕ್ತ ನೋಡುವವರು ಯಾರು?

೧. ಶಿವನಿಗಿಂತ ಒಂದು ಕೈ ಮೇಲೆ

ಕಬ್ಬು ಬೆಳೆಯುವ ಗೌಡರೊಬ್ಬರ ಜ್ವರ ಬಿಟ್ಟಿತ್ತು. ಆದರೆ ಮತ್ತೆ ತೆಗೆದ ರಕ್ತದಲ್ಲಿ ಬಿದಿಗೆ ಚಂದ್ರನಂತೆ ಬಾಗಿದ ಮಲೇರಿಯಾ ಜೀವಿಗಳು ಕಂಡವು.

"ಇವು ಆ ಮನಷ್ಯಾಗ ಏನೂ ಮಾಡೂದಿಲ್ಲ. ಸೊಳ್ಳಿ ದಾರಿ ಕಾಯಾಕತ್ತಾವ. ಈ ಆರು ಗುಳಿಗಿ ಒಮ್ಮೆಲೇ ನುಂಗಸು," ಎಂದರು ನಮ್ಮ ಆಸ್ಪತ್ರೆಯ ಡಾಕ್ಟರು.

ನಾನು ಹೋಗಿ, "ಗೌಡ್ರ, ನಿಮ್ಮ ರಕ್ತದಾಗ ಚಂದ್ರಕೋರದಂಥ ಹುಳ ಅದಾವ್ರಿ," ಎಂದೆ.

ಗೌಡರ ಮುಖ ಅರಳಿತು. "ಶಿವಾ ಒಂದ ಚಂದ್ರಕೋರ ಇಟ್ಕೊಂಡಾನ, ಅದೂ ತಲೀ ಮ್ಯಾಲ. ನನಗ ಮೈತುಂಬ ಕೊಟ್ಟಾನ ನೋಡ್ರಿ!"

೨. ಹಂಚಿ ತಿನ್ನುವ ಮನೆ

ಆ ಮನೆಯಲ್ಲಿ ಒಂದು ಪೇರಲಹಣ್ಣು ಬಂದರೂ ಕೊಯ್ದು ಹಂಚುವ ಪದ್ಧತಿ. ಗುಳಿಗೆ ಕೊಟ್ಟು ಬಂದ ಮರುದಿನ ಮತ್ತೆ ಹೋದೆ.

"ಗುಳಿಗಿ ನುಂಗಿದ್ರೇನ್ರಿ?"

"ಒಂದು ನುಂಗೇನ್ರಿ."

"ಉಳದ ಐದು?"

"ಮನ್ಯಾಗ ಆರ ಮಂದಿ ಅದೀವಿ. ಒಬ್ಬಾವನ ತಿಂದ್ರ ಗಂಟಲದಾಗ ಇಳೀತೈತೇನ್ರಿ?"

ಆ ಗುಳಿಗೆ ಎಲ್ಲರ ಮೈಗೂ ಒಗ್ಗುವುದಿಲ್ಲ; ಡಾಕ್ಟರನ್ನು ಕರೆತರಲು ಸೈಕಲ್ ತುಳಿದೆ. ಡಾಕ್ಟರು ಹಣೆ ಚಚ್ಚಿಕೊಂಡು ಎಲ್ಲರನ್ನೂ ಪರೀಕ್ಷಿಸಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ನನ್ನ ಸಪ್ಪೆ ಮುಖ ನೋಡಿ ಗೌಡರ ತಾಯಿ, ಎಲ್ಲರೂ 'ಆಯಿ' ಎನ್ನುತ್ತಿದ್ದ ಮುದುಕಿ, ಸಮಾಧಾನ ಹೇಳಿದಳು: "ನಿಮಗೂ ಬೇಕಾಗಿತ್ತು ಅಂತ ಗೊತ್ತಿದ್ರ ಒಂದ ಎತ್ತಿ ಇಡತಿದ್ವಿ, ಸಾಹೇಬ್ರ."

೩. ಕರೆಯೋಲೆ ಇಲ್ಲದ ಲಗ್ನ

ಮತ್ತೆ ಆರು ಗುಳಿಗೆ ಒಯ್ದೆ. ಗೌಡರು ಮುಟ್ಟಲಿಲ್ಲ. "ನಾ ಗಟ್ಟಿ ಅದೀನಿ. ಸೊಳ್ಳಿ ಸಲುವಾಗಿ ಔಷಧ ಅಂದ್ರ ಸೊಳ್ಳಿಗೇ ನುಂಗಸ್ರಿ!"

ನಾನು ಕಟ್ಟೆಯ ಮೇಲೆ ಕುಳಿತು ಆಯಿಗೆ ವಿವರಿಸಿದೆ. "ಆಯಿ, ಆ ಚಂದ್ರಕೋರದಾಗ ಗಂಡು ಹೆಣ್ಣು ಎರಡೂ ಅದಾವ. ಮಗನ ಮೈಯಾಗ ಕೂಡೂದಿಲ್ಲ. ಸೊಳ್ಳಿ ರಕ್ತ ಕುಡೀತಂದ್ರ ಅದರ ಹೊಟ್ಟ್ಯಾಗ ಅವುಗಳ ಲಗ್ನ. ಹನ್ನೆರಡ ದಿನಕ್ಕ ಅದ ಸೊಳ್ಳಿ ಇನ್ನೊಬ್ರಿಗೆ ಜ್ವರ ಹಚ್ಚತೈತಿ."

ಆಯಿ ಬೆರಳೆಣಿಸಿದಳು. ಸರಿಯಾಗಿ ಹನ್ನೆರಡನೇ ದಿನ ಮೊಮ್ಮಗಳ ಮದುವೆ. ಐನಾಪುರದ ಬೀಗರೆಲ್ಲ ಅದೇ ಅಂಗಳದಲ್ಲಿ ಮಲಗುವವರು. ಮಗನ ಕಡೆ ತಿರುಗಿದಳು.

"ಮಗಳಿಗಿ ವರಾ ಹುಡಕಾಕ ಮೂರು ವರ್ಷ ತಗೊಂಡಿ. ಹುಳದ ಲಗ್ನ ಇವತ್ತ ಮಾಡಸ್ತಿ? ನುಂಗಲೇ!"

ಗೌಡರು ರೊಟ್ಟಿ ತಿಂದು ಆರನ್ನೂ ನುಂಗಿದರು.

೪. ಬೀಗರ ಬೆರಳು

ಮದುವೆಗೆ ನನಗೂ ಕರೆ ಬಂತು, ಗಾಜಿನ ಪಟ್ಟಿ ಸಮೇತ. ಬೀಗರಿಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಟ್ಟ ಆಯಿ, "ನಮ್ಮ ರಕ್ತ ಚೊಕ್ಕ ಮಾಡೀವ್ರಿ. ನಿಮ್ಮದೂ ನೋಡೂಣು," ಎಂದು ನನ್ನನ್ನು ಮುಂದೆ ತಳ್ಳಿದಳು.

ವರನ ತಂದೆಯ ಮೀಸೆ ಕುಣಿಯಿತು. "ನಾವೇನ ಜಡ್ಡಿನವ್ರ? ಬಂದ ದಾರೀಲೆ ಹೊಳ್ಳಿ ಹೊಕ್ಕೀವಿ!"

ವಾದ್ಯ ನಿಂತಿತು. ಗೌಡರು ಬಿಳಿಚಿಕೊಂಡರು. ನನ್ನ ಉಪದೇಶದಿಂದ ಒಂದು ಹುಡುಗಿಯ ಮದುವೆ ಮುರಿಯಿತಲ್ಲ ಎಂದು ನನಗೆ ಅಳುವೇ ಬಂತು.

ಆಯಿ ಅಳುಕಲಿಲ್ಲ. "ಮೊದಲ ಸಾಹೇಬ್ರ ಚುಚ್ಕೋತಾರ್ರಿ!"

ಚುಚ್ಚಿಕೊಂಡು ನನ್ನ ರಕ್ತವನ್ನೂ ಒಂದು ಪಟ್ಟಿಗೆ ಸವರಿದೆ. ನಾನು ಮುಖ ಕಿವುಚಿದ್ದನ್ನು ನೋಡಿ ಬೀಗರು ಬಿದ್ದು ಬಿದ್ದು ನಕ್ಕರು. ವರನ ತಂದೆ ಬೆರಳು ಚಾಚಿದರು, ಆಮೇಲೆ ವರ, ಆಮೇಲೆ ಸಾಲು. ಅಕ್ಷತೆಯ ಅಕ್ಕಿಕಾಳು ಮುಹೂರ್ತಕ್ಕೆ ಸರಿಯಾಗಿ ಬಿದ್ದವು.

ನಾಲ್ಕನೇ ದಿನ ಬೀಗರ ರಕ್ತದ ಸುದ್ದಿ ಕೇಳಲು ಆಯಿ ತಾನೇ ಆಸ್ಪತ್ರೆಗೆ ಬಂದಳು. ಡಾಕ್ಟರು ನಗು ತಡೆದುಕೊಂಡು ಹೇಳಿದರು: ಬೀಗರೆಲ್ಲ ಚೊಕ್ಕ. ಚಂದ್ರಕೋರ ಸಿಕ್ಕದ್ದು ಒಂದೇ ಪಟ್ಟಿಯಲ್ಲಿ. ನನ್ನದರಲ್ಲಿ.

ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದೀಪಾ ಹಚ್ಚೂತನಕ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡೀತಿದ್ರಿ. ನನ್ನ ಮಗಗ ಎಲ್ಲಿಂದ ಬಂತಂತ ಈಗ ತಿಳೀತ."

ಡಾಕ್ಟರು ಆರು ಗುಳಿಗೆ ಎಣಿಸಿ ಕೊಟ್ಟರು. ಆಯಿ ತನ್ನ ಬುತ್ತಿ ಬಿಚ್ಚಿ ನನಗೊಂದು ರೊಟ್ಟಿ ತಿನ್ನಿಸಿ, ನೀರಿನ ತಂಬಿಗೆ ಹಿಡಿದು ಎದುರಿಗೇ ನಿಂತಳು.

"ಆರೂ ನೀವ ನುಂಗ್ರಿ, ಸಾಹೇಬ್ರ. ಹಂಚಾಕ ಹೋಗಬ್ಯಾಡ್ರಿ!"